ಮೀನಿಗೆಲ್ಲಿಯ ಸ್ಕೂಲು?

'ಸ್ಕೂಲ್ ಆಫ್ ಫಿಶ್' ಎಂದರೆ ಮೀನುಗಳ ಗುಂಪು. ಮೊದಲ ಸಲ ಕೇಳಿದವರಿಗೆ ನಗು ಬರುತ್ತದೆ. ಮೀನುಗಳು ಸಾಲಾಗಿ, ಒಂದೇ ಕಡೆ ಮುಖ ಮಾಡಿ ಈಜುವುದರಿಂದ ಶಾಲೆಯಂತೆ ಕಂಡು ಈ ಹೆಸರು ಬಂತೆಂದು ವಿವರಿಸುವವರೂ ಇದ್ದಾರೆ. ವಿವರಣೆ ಚೆನ್ನಾಗಿದೆ, ಆದರೆ ನಿಜವಲ್ಲ.

ಪಾಠ ಕಲಿಸುವ ಸ್ಕೂಲಿನ ಬೇರು ಗ್ರೀಕ್ ಭಾಷೆಯ 'ಸ್ಖೋಲೆ'. ಅದರ ಮೊದಲ ಅರ್ಥ ಬಿಡುವು! ದುಡಿಮೆಯ ಹಂಗಿಲ್ಲದವರು ಬಿಡುವಿನಲ್ಲಿ ನಡೆಸುತ್ತಿದ್ದ ಚರ್ಚೆಗೆ, ಆಮೇಲೆ ಚರ್ಚೆಯ ಜಾಗಕ್ಕೆ ಆ ಹೆಸರು ಅಂಟಿಕೊಂಡು, ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂತು. ಬೆನ್ನು ಬಾಗುವಷ್ಟು ಚೀಲ ಹೊತ್ತ ಇಂದಿನ ಮಕ್ಕಳಿಗೆ ಇದನ್ನು ಹೇಳುವುದು ಹೇಗೋ.

ಮೀನಿನ ಸ್ಕೂಲು ಬಂದದ್ದು ದುಡಿಮೆಯಿಂದ. ಮಧ್ಯಯುಗದ ಡಚ್ ಭಾಷೆಯಲ್ಲಿ 'ಸ್ಖೋಲ' ಎಂದರೆ ಗುಂಪು, ದಂಡು. ಉತ್ತರ ಸಮುದ್ರದಲ್ಲಿ ಹೆರಿಂಗ್ ಮೀನಿನ ಬೆನ್ನು ಹತ್ತಿ ಡಚ್ಚರೂ ಇಂಗ್ಲಿಷರೂ ದೋಣಿ ಓಡಿಸುತ್ತಿದ್ದರು. ಹೆರಿಂಗ್ ದೊಡ್ಡ ದೊಡ್ಡ ಹಿಂಡುಗಳಲ್ಲಿ ಸಾಗುವ ಮೀನು. ಹಿಂಡು ಕಂಡವನಿಗೆ ಬಲೆ ತುಂಬ ಮೀನು, ಕಾಣದವನಿಗೆ ಬರಿಗೈ. ಹಾಗಾಗಿ ಅದು ಹೊಟ್ಟೆಪಾಡಿನ ಪದ. ಸುಮಾರು 1400ರ ಹೊತ್ತಿಗೆ ಅದು ಇಂಗ್ಲಿಷಿನಲ್ಲಿ ನೆಲೆಯೂರಿತ್ತು. ಸ್ಕಿಪ್ಪರ್, ಡೆಕ್ ಎಂಬ ಹಡಗಿನ ಪದಗಳೂ ಬಂದದ್ದು ಇದೇ ನೆರೆಯವರಿಂದ. ಮೀನಿನ ಗುಂಪಿಗೇ ಇರುವ ಇನ್ನೊಂದು ಹೆಸರು 'ಶೋಲ್' ಕೂಡ ಇದರ ದಾಯಾದಿಯೇ.

ಗುಂಪಿನ ಹೆಸರುಗಳೆಲ್ಲ ಹೀಗೆ ಹುಟ್ಟಿದವಲ್ಲ. 1486ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ಅಚ್ಚಾದ ಬೇಟೆಯ ಪುಸ್ತಕವೊಂದರಲ್ಲಿ ಸಿಂಹಗಳಿಗೆ 'ಪ್ರೈಡ್' ಎಂಬಂಥ ಹೆಸರುಗಳ ಉದ್ದ ಪಟ್ಟಿಯೇ ಇದೆ. ನ್ಯಾಯಾಧೀಶರನ್ನೂ ಸನ್ಯಾಸಿನಿಯರನ್ನೂ ಬಿಡದ ಆ ಪಟ್ಟಿಯಲ್ಲಿ ಅರ್ಧ ಪಾಂಡಿತ್ಯ, ಅರ್ಧ ಕುಚೋದ್ಯ. ಅವು ಕುಲೀನರು ತಮ್ಮ ಠೀವಿ ತೋರಿಸಿಕೊಳ್ಳಲು ಕಲಿಯುತ್ತಿದ್ದ ಪದಗಳು. ಬೆಸ್ತನಿಗೆ ಅವುಗಳಿಂದ ಆಗಬೇಕಾದ್ದೇನೂ ಇರಲಿಲ್ಲ.

ಕಡಲಿನವರಿಗೂ ಕುಚೋದ್ಯ ಗೊತ್ತಿತ್ತೆನ್ನಿ. ಹರ್ಮನ್ ಮೆಲ್ವಿಲ್ 1851ರ 'ಮೋಬಿ ಡಿಕ್' ಕಾದಂಬರಿಯಲ್ಲಿ ತಿಮಿಂಗಿಲಗಳ ಸ್ಕೂಲಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಹೆಣ್ಣುಗಳ ಹಿಂಡನ್ನು ಕಾಯುವ ಗಂಡು ತಿಮಿಂಗಿಲವನ್ನು ಬೇಟೆಗಾರರು ಮೇಷ್ಟ್ರು ಎಂದೇ ಕರೆಯುತ್ತಿದ್ದರಂತೆ.

ಈಗ ವಿಜ್ಞಾನಿಗಳು ದಾಯಾದಿಗಳಿಬ್ಬರನ್ನೂ ಬೇರೆ ಮಾಡಿದ್ದಾರೆ. ಮೀನುಗಳು ಸುಮ್ಮನೆ ಜೊತೆಗಿದ್ದರೆ 'ಶೋಲ್', ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಲಯದಲ್ಲಿ ಈಜಿದರೆ 'ಸ್ಕೂಲ್'. ಬೇರಿನಲ್ಲಿ ಎಂದೂ ಇರದಿದ್ದ ಶಿಸ್ತು ಕೊನೆಗೂ ಆ ಪದದ ಅರ್ಥದೊಳಗೆ ಬಂದು ಕೂತಿದೆ.