ನೊಗವೂ ಕೊಂಡಿಯೂ

ಬೆಂಗಳೂರಿನ ಪಶ್ಚಿಮ ದಿಕ್ಕಿಗೆ ಹೊರಡುವ ಎರಡು ಹಳೆಯ ಮಾರ್ಗಗಳಲ್ಲಿ ಒಂದು ಕೆಂಗೇರಿ, ಬಿಡದಿ, ಚನ್ನಪಟ್ಟಣಗಳನ್ನು ಹಾದು ಶ್ರೀರಂಗಪಟ್ಟಣವನ್ನು ಮುಟ್ಟುವ ಮೈಸೂರು ರಸ್ತೆ, ಮತ್ತೊಂದು ಸಾವನದುರ್ಗದ ಸೀಮೆಯತ್ತ ಸಾಗುವ ಮಾಗಡಿ ರಸ್ತೆ. ಇವೆರಡರ ನಡುವೆ, ತನ್ನ ಕೆರೆಯನ್ನು ಮಗ್ಗುಲಲ್ಲಿರಿಸಿಕೊಂಡು ಕುಳಿತಿರುವ ಉಲ್ಲಾಳವು ಚರಿತ್ರೆಯ ಗ್ರಂಥಗಳಲ್ಲಿ ಹೆಸರು ಪಡೆದ ಊರಲ್ಲ. ರಾಣಿ ಅಬ್ಬಕ್ಕನ ಕೀರ್ತಿಯನ್ನು ಹೊತ್ತ ಕಡಲತಡಿಯ ಉಳ್ಳಾಲವೇ ಬೇರೆ, ಇದೇ ಬೇರೆ. ಆದರೆ ಇದರ ಎರಡು ಪಾರ್ಶ್ವಗಳಲ್ಲಿಯೂ ಶತಮಾನಗಳ ಕಾಲ ಭಾರವಾದ ಸರಕು ಚಲಿಸಿದೆ: ರಾಗಿಯ ಮೂಟೆ, ಕಟ್ಟಡದ ಕಲ್ಲು, ಸೇನೆಯ ಫಿರಂಗಿ, ಈಚೆಗೆ ಇಟ್ಟಿಗೆ, ಜಲ್ಲಿ, ನೀರು. ಭಾರವನ್ನು ಎಳೆಯುವ ವಿಷಯದಲ್ಲಿ ಜನರ ಗಮನವು ಎಳೆಯುವುದರ ಬಲದ ಮೇಲೆ ಅಥವಾ ಎಳೆಸಿಕೊಳ್ಳುವುದರ ತೂಕದ ಮೇಲೆ ನಿಲ್ಲುವುದೇ ಹೊರತು ಇವೆರಡನ್ನೂ ಕೂಡಿಸುವ ಸಂಧಿಸ್ಥಾನದ ಮೇಲೆ ನಿಲ್ಲುವುದು ಅಪೂರ್ವ. ಅನಾಹುತಗಳಾದರೋ ಬಹುಮಟ್ಟಿಗೆ ಆ ಸಂಧಿಯಲ್ಲಿಯೇ ಹುಟ್ಟತಕ್ಕವು.

ಎತ್ತಿನ ಗಾಡಿಯಲ್ಲಿ ಆ ಸಂಧಿಯೆಂದರೆ ಮೂಕಿಯು ನೊಗವನ್ನು ಸೇರುವ ಎಡೆ. ಎರಡೇ ಚಕ್ರಗಳ ಮೇಲೆ ನಿಲ್ಲುವ ನಮ್ಮ ಗಾಡಿಯಲ್ಲಿ ಹೊರೆಯು ಅಚ್ಚಿನ ಮುಂದಕ್ಕೆ ಹೆಚ್ಚಾಗಿ ಬಿದ್ದರೆ ನೊಗವು ಎತ್ತುಗಳ ಹೆಗಲನ್ನು ಅದುಮಿ ಹುಣ್ಣು ಮಾಡುವುದು. ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಕೊರಳ ಪಟ್ಟಿಯೇ ಎತ್ತಿನ ಉಸಿರನ್ನು ಕಟ್ಟುವುದು. ಮುಂಭಾರ, ಹಿಂಭಾರ ಎಂದು ಗಾಡಿ ಹೊಡೆಯುವವರು ಕರೆಯುವ ಈ ಎರಡು ದೋಷಗಳನ್ನು ತಪ್ಪಿಸುವುದಕ್ಕಾಗಿಯೇ ಅನುಭವಸ್ಥನಾದವನು ಸರಕನ್ನು ಹೇರಿದ ಮೇಲೆ ಎತ್ತುಗಳನ್ನು ಹೂಡುವುದಕ್ಕೆ ಮೊದಲು ಮೂಕಿಯನ್ನು ಕೈಯಿಂದ ಎತ್ತಿ ನೋಡಿ, ತುಸುವೇ ತುಸು ಮುಂಭಾರ ಇರುವುದನ್ನು ನಿಶ್ಚಯಿಸಿಕೊಳ್ಳುತ್ತಿದ್ದನು. ಇಲ್ಲವಾದರೆ ಮೂಟೆಯೊಂದನ್ನು ಹಿಂದಕ್ಕೋ ಮುಂದಕ್ಕೋ ಸರಿಸುತ್ತಿದ್ದನು. ನೊಗವನ್ನು ಮೂಕಿಗೆ ಬಿಗಿಯುವ ಮಿಣಿಯು ಚರ್ಮದ್ದಾಗಿದ್ದುದಕ್ಕೂ ಕಾರಣವಿಲ್ಲದಿಲ್ಲ: ಹಳ್ಳದಿಣ್ಣೆಗಳಲ್ಲಿ ಒಂದು ಎತ್ತು ಮೇಲೆ, ಇನ್ನೊಂದು ಕೆಳಗೆ ಕಾಲಿಟ್ಟಾಗ ನೊಗವು ವಾಲುವುದಕ್ಕೆ ಎಡೆಗೊಡುವ ಸಡಿಲವು ಚರ್ಮಕ್ಕೆ ಸಹಜವಾದದ್ದು, ಕಬ್ಬಿಣಕ್ಕಲ್ಲ. ಜೋಡಿಯಲ್ಲಿ ಒಂದು ಎತ್ತು ಬಲಶಾಲಿಯಾಗಿದ್ದರೆ ಕಟ್ಟನ್ನು ಅದರ ಕಡೆಗೆ ಅಂಗುಲದಷ್ಟು ಸರಿಸಿ, ಹೆಚ್ಚಿನ ಪಾಲನ್ನು ಅದಕ್ಕೇ ಹೊರಿಸುವ ಉಪಾಯವೂ ಇತ್ತು. ತುಲಾದಂಡದ ನಿಯಮವನ್ನು ಓದದೆಯೇ ಆಚರಿಸಿದ ಜನ ಅವರು. ಮಾಗಡಿಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳನ್ನು ಕೊಳ್ಳುವವರು ಹಲ್ಲು ಹಿಡಿದು ಪ್ರಾಯವನ್ನು ನೋಡಿದ ತರುವಾಯ ಜೋಡಿಯ ಎತ್ತರವನ್ನೂ ನಡಿಗೆಯನ್ನೂ ಅಕ್ಕಪಕ್ಕ ನಿಲ್ಲಿಸಿ ಪರೀಕ್ಷಿಸುವುದು ಕೇವಲ ಅಂದಕ್ಕಾಗಿ ಅಲ್ಲ.

ಎಳೆಯುವ ಪ್ರಾಣಿಯನ್ನು ಎಳೆಯಬೇಕಾದ ಭಾರಕ್ಕೆ ತಕ್ಕಂತೆ ಸಿದ್ಧಗೊಳಿಸುವ ಈ ವಿದ್ಯೆಯನ್ನು ರಾಜ್ಯದ ಒಂದು ಇಲಾಖೆಯನ್ನಾಗಿಯೇ ಬೆಳೆಸಿದ ಶ್ರೇಯಸ್ಸು ಮೈಸೂರಿಗೆ ಸಲ್ಲುತ್ತದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿದ್ದ ಅರಮನೆಯ ಗೋಸಂಪತ್ತಿಗೆ ಟಿಪ್ಪು ಸುಲ್ತಾನನು ಅಮೃತಮಹಲೆಂಬ ಹೆಸರನ್ನಿಟ್ಟನು. ಆ ಮಂದೆಗಳ ಮೇವಿಗಾಗಿ ಕಾವಲುಗಳೆಂಬ ವಿಸ್ತಾರವಾದ ಹುಲ್ಲುಗಾವಲುಗಳು ಮೀಸಲಾಗಿದ್ದವು. ಚಿದಂಬರದ ರಕ್ಷಣೆಗೆಂದು ಹೈದರನು 100 ಮೈಲಿಗಳನ್ನು ಎರಡೂವರೆ ದಿನಗಳಲ್ಲಿ ಕ್ರಮಿಸಿದ್ದು, ಇಂಗ್ಲಿಷರ ಜನರಲ್ ಮೆಡೋಸನ ಎದುರಿನಲ್ಲಿ ಟಿಪ್ಪು ಎರಡು ದಿನಗಳಲ್ಲಿ 63 ಮೈಲಿ ಸಾಗಿದ್ದು, ಸೋತ ಕಾಳಗದಿಂದಲೂ ಫಿರಂಗಿಗಳನ್ನು ಶತ್ರುವಿನ ಕಣ್ಣೆದುರೇ ಹಿಂದಕ್ಕೆಳೆದುಕೊಂಡು ಹೋದದ್ದು, ಇವೆಲ್ಲ ಈ ತಳಿಯ ಎತ್ತುಗಳ ಕಾಲಬಲದಿಂದ ಸಾಧ್ಯವಾದವೆಂದು ಮೈಸೂರಿನ ಗೆಜೆಟಿಯರು ಹೇಳುತ್ತದೆ. 1799ರ ಅನಂತರ ಇಂಗ್ಲಿಷರ ಕೈಸೇರಿದ ಈ ಸಂಸ್ಥೆಯನ್ನು 1860ರಲ್ಲಿ ವೆಚ್ಚವನ್ನು ಉಳಿಸುವ ಬುದ್ಧಿವಂತಿಕೆಯಿಂದ ಮುಚ್ಚಿ, ಮಂದೆಗಳನ್ನು ಮಾರಿ, ಆರೇ ವರ್ಷಗಳಲ್ಲಿ ಪುನಃ ಕಟ್ಟಬೇಕಾಯಿತು. ಲೆಕ್ಕಪತ್ರದ ಮೇಜಿನಿಂದ ಎತ್ತನ್ನು ನೋಡುವವರಿಗೆ ಅದರ ಮೇವಿನ ಖರ್ಚು ಮಾತ್ರ ಕಾಣುವುದು ಎಲ್ಲ ಕಾಲಕ್ಕೂ ಉಂಟು.

ಎಳೆತದ ಸಾಮರ್ಥ್ಯ ಕೈಕೊಟ್ಟರೆ ಏನಾಗುವುದೆಂಬುದಕ್ಕೆ ಬೆಂಗಳೂರಿನ ಚರಿತ್ರೆಯಲ್ಲಿಯೇ ಸ್ಪಷ್ಟವಾದ ನಿದರ್ಶನವಿದೆ. 1791ರ ಮಾರ್ಚಿ 21ರ ರಾತ್ರಿ ಟಿಪ್ಪುವಿನಿಂದ ಬೆಂಗಳೂರಿನ ಕೋಟೆಯನ್ನು ಹಿಡಿದ ಇಂಗ್ಲಿಷರ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸನು ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟಾಗ, ಚನ್ನಪಟ್ಟಣದ ನೇರ ಮಾರ್ಗದಲ್ಲಿ ಮೇವೂ ನೀರೂ ದೊರೆಯದಂತೆ ಟಿಪ್ಪು ಮಾಡಿದ್ದುದರಿಂದ, ಕೆಂಗೇರಿಯ ದಾರಿಯನ್ನು ಬಿಟ್ಟು ಕನಕಾನಹಳ್ಳಿಯ ದುರ್ಗಮ ಮಾರ್ಗವನ್ನು ಹಿಡಿದನು. ಕೋಟೆಯ ಗೋಡೆಗಳನ್ನು ಒಡೆಯತಕ್ಕ ಮಹಾಫಿರಂಗಿಗಳನ್ನು ಎಳೆಯುತ್ತಿದ್ದ ಎತ್ತುಗಳು ಮೇವಿಲ್ಲದೆ, ಅಕಾಲದ ಮಳೆಯಲ್ಲಿ ನೆನೆದು, ರೋಗಕ್ಕೆ ತುತ್ತಾಗಿ ಸಾಲುಸಾಲಾಗಿ ಬಿದ್ದವು. ಸಿಪಾಯಿಗಳೇ ಹಗ್ಗ ಹಿಡಿದು ಫಿರಂಗಿಗಳನ್ನು ಜಗ್ಗಬೇಕಾಯಿತು. ಮೇ 15ರಂದು ಅರಕೆರೆಯ ಬಳಿಯ ಕದನದಲ್ಲಿ ಜಯವನ್ನು ಪಡೆದರೂ, ರಾಜಧಾನಿಯ ಕೋಟೆ ಕಣ್ಣಿಗೆ ಕಾಣುವಷ್ಟು ಸಮೀಪದಲ್ಲಿದ್ದರೂ, ಆತನು ಮಹಾಫಿರಂಗಿಗಳನ್ನು ತನ್ನ ಕೈಯಿಂದಲೇ ನಾಶಪಡಿಸಿ ಬೆಂಗಳೂರಿಗೆ ಹಿಂತಿರುಗಿದನು. ರಣರಂಗದಲ್ಲಿ ಸೋಲದ ಸೈನ್ಯವೊಂದು ನೊಗದಲ್ಲಿ ಸೋತ ಪ್ರಸಂಗವಿದು. ಅದೇ ವರ್ಷದ ಡಿಸೆಂಬರಿನಲ್ಲಿ ಸಾವನದುರ್ಗವನ್ನು ಮುತ್ತುವಾಗ ಇಂಗ್ಲಿಷರು ಪಾಠ ಕಲಿತಿದ್ದರು: ಬಿದಿರುಮೆಳೆಗಳ ನಡುವೆ ಮೊದಲು ದಾರಿಯನ್ನು ಕಡಿದು, ಅನಂತರವೇ ಫಿರಂಗಿಗಳನ್ನು ಬೆಟ್ಟದ ಬುಡಕ್ಕೆ ಎಳೆಸಿದರು. ಮರುವರ್ಷದ ದಂಡಯಾತ್ರೆಗೆ ಧಾನ್ಯವನ್ನು ಹೊತ್ತು ತಂದವರು ಬಹುಮಟ್ಟಿಗೆ ಬಂಜಾರರು; ಅವರ ಹೇರೆತ್ತುಗಳ ಬೆನ್ನಿನ ಮೇಲೆ ಎಷ್ಟು ಸಾಮ್ರಾಜ್ಯಗಳು ಸವಾರಿ ಮಾಡಿದವೆಂಬುದು ಬೇರೆಯೇ ಗ್ರಂಥವಾಗಬಲ್ಲ ವಿಷಯ.

ಆ ಕಾಲದ ಫಿರಂಗಿಯನ್ನು ಎತ್ತುಗಳಿಗೆ ನೇರವಾಗಿ ಕಟ್ಟುತ್ತಿರಲಿಲ್ಲ. ಎರಡು ಚಕ್ರಗಳ ಒಂದು ಮುಂಗಾಡಿಗೆ ಎತ್ತುಗಳನ್ನು ಹೂಡಿ, ಅದರ ಅಚ್ಚಿನ ಮೇಲೆ ನಿಲ್ಲಿಸಿದ ದಪ್ಪನೆಯ ಕಬ್ಬಿಣದ ಮೊಳೆಗೆ ಫಿರಂಗಿಯ ಬಾಲದ ಬಳೆಯನ್ನು ತೊಡಿಸುತ್ತಿದ್ದರು. ಬಳೆಯು ಮೊಳೆಗಿಂತ ತೀರ ಅಗಲವಾಗಿದ್ದರೆ ಪ್ರತಿಯೊಂದು ಹಳ್ಳದಲ್ಲಿಯೂ ಫಿರಂಗಿಯು ಹಿಂದುಮುಂದಾಗಿ ಗುದ್ದಿ ಮೊಳೆಯನ್ನು ಸವೆಯಿಸುವುದು. ತೀರ ಬಿಗಿಯಾಗಿದ್ದರೆ ತಿರುವಿನಲ್ಲಿ ಬಳೆ ಹೊರಳದೆ ಮೊಳೆಯೇ ಮುರಿಯುವುದು. ಇಂದು ಉಲ್ಲಾಳದ ಬೀದಿಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಟ್ರೇಲರನ್ನು ಕೂಡಿಸುವ ಪಿನ್ನು ಇದೇ ಮೊಳೆಯ ವಂಶಜ. ಇನ್ನೂರು ವರ್ಷಗಳಲ್ಲಿ ಲೋಹ ಉತ್ತಮವಾಗಿದೆ, ರೂಪ ಹೆಚ್ಚಾಗಿ ಬದಲಾಗಿಲ್ಲ.

ಫಿರಂಗಿಗಳ ಆ ಕಾಲದಲ್ಲಿ ನಾಡಿನ ವ್ಯಾಪಾರವೆಲ್ಲ ಹೆಚ್ಚಾಗಿ ಹೇರೆತ್ತುಗಳ ಬೆನ್ನಿನ ಮೇಲೆ ನಡೆಯುತ್ತಿದ್ದು, ಗಾಡಿಯು ಊರಿಂದೂರಿಗೆ ಸರಾಗವಾಗಿ ಓಡಾಡತೊಡಗಿದ್ದು 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನನು ಸುಮಾರು 1600 ಮೈಲಿಗಳಷ್ಟು ರಸ್ತೆಗಳನ್ನು ಹಾಕಿಸಿದ ಮೇಲೆ. 1881-82ರಲ್ಲಿ ಕೆಂಗೇರಿಯ ಮೇಲೆ ಮೈಸೂರಿಗೆ ರೈಲು ಓಡಿದ ಬಳಿಕ ದೂರದ ಸರಕು ಗಾಡಿಯಿಂದ ಜಾರಿ, ಗಾಡಿಗೆ ಹೊಲದಿಂದ ನಿಲ್ದಾಣದವರೆಗಿನ ಪ್ರಯಾಣ ಉಳಿಯಿತು. ರೈಲಿನವರು ಕಲಿತ ಒಂದು ವಿಶೇಷವನ್ನು ಮಾತ್ರ ಇಲ್ಲಿ ಹೇಳಬೇಕು: ಗಾಡಿಗಳ ಉದ್ದಕ್ಕೂ ಹರಿಯುವ ಬ್ರೇಕಿನ ಕೊಳವೆಯು, ಕೊಂಡಿ ಕಳಚಿ ಸಾಲು ಎರಡಾದ ಕ್ಷಣದಲ್ಲಿ, ಎರಡು ಭಾಗಗಳ ಬ್ರೇಕನ್ನೂ ತಾನಾಗಿಯೇ ಹಾಕುವಂತೆ ಅವರು ಏರ್ಪಡಿಸಿದರು. ಕೊಂಡಿ ಎಂದಾದರೊಂದು ದಿನ ಕಳಚಿಯೇ ತೀರುವುದೆಂದು ಮೊದಲೇ ಎಣಿಸಿ ಮಾಡಿದ ವ್ಯವಸ್ಥೆಯಿದು.

ಎತ್ತಿನ ಗಾಡಿಯ ನೊಗವು ಎತ್ತಿನ ಹೆಗಲಿಗೆ ಮಾಡುವ ಹಿಂಸೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರೂ ಬೆಂಗಳೂರಿನಲ್ಲಿಯೇ ಇದ್ದರು. 1973ರಲ್ಲಿ ಸ್ಥಾಪಿತವಾದ ಇಲ್ಲಿನ ಐಐಎಂ ಸಂಸ್ಥೆಯ ಮೊದಲ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು ವ್ಯಾಪಾರಾಡಳಿತದ ಪಂಡಿತರು ಸಾಮಾನ್ಯವಾಗಿ ಮೂಗು ಮುರಿಯುವ ಎತ್ತಿನ ಗಾಡಿಯನ್ನು ತಮ್ಮ ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡು, ಒರಟು ನೊಗದ ದೋಷಗಳನ್ನೂ ಸುಧಾರಣೆಯ ಮಾರ್ಗಗಳನ್ನೂ ದೇಶಕ್ಕೆ ತಿಳಿಸಿದರು. ಅದೇ ಕಾಲದಲ್ಲಿ, 1981ರಲ್ಲಿ, ಆಪಲ್ ಎಂಬ ಉಪಗ್ರಹದ ಆಂಟೆನಾವನ್ನು ಪರೀಕ್ಷಿಸುವಾಗ ಲೋಹದ ವಾಹನದಿಂದ ಬಾಧೆಯುಂಟಾಗದಿರಲೆಂದು ಬೆಂಗಳೂರಿನ ವಿಜ್ಞಾನಿಗಳು ಅದನ್ನು ಮರದ ಎತ್ತಿನ ಗಾಡಿಯ ಮೇಲಿರಿಸಿದ್ದ ಚಿತ್ರ ಲೋಕಪ್ರಸಿದ್ಧವಾಯಿತು. ಆ ಚಿತ್ರವನ್ನು ನಮ್ಮ ಬಡತನದ ಸಾಕ್ಷಿಯೆಂದು ಹೊರಗಿನವರು ನಕ್ಕದ್ದುಂಟು. ಗಾಡಿಯ ಗುಣವನ್ನು ಅರಿತು ಆರಿಸಿದ ಬುದ್ಧಿಯನ್ನು ನಾನಂತೂ ಮೆಚ್ಚುತ್ತೇನೆ.

ಈಗ ಟ್ರ್ಯಾಕ್ಟರಿನ ವಿಷಯ. ಅದರ ಆರಂಭಕಾಲದಲ್ಲಿ ವಿದೇಶಗಳಲ್ಲಿ ಅನೇಕ ಚಾಲಕರು ಸತ್ತದ್ದು ಘರ್ಷಣೆಯಿಂದಲ್ಲ, ಯಂತ್ರವು ಹಿಂದಕ್ಕೆ ಮಗುಚಿದ್ದರಿಂದ. ಎಳೆತದ ಕೊಂಡಿಯನ್ನು ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿ, ಹಿಂದಿನ ಭಾರವು ಕದಲದೆ ನಿಂತಾಗ ವೇಗವನ್ನು ಕೊಟ್ಟರೆ, ಚಕ್ರದ ತಿರುಚುಬಲವು ಯಂತ್ರದ ಮೂತಿಯನ್ನೇ ಮೇಲೆತ್ತುವುದು. ಐರ್ಲೆಂಡಿನ ಹ್ಯಾರಿ ಫರ್ಗುಸನನು ನೇಗಿಲಿಗಾಗಿ ಮೂರು ಬಿಂದುಗಳ ಕೂಡಿಕೆಯನ್ನು ರೂಪಿಸಿದ್ದರ ಹಿಂದೆ ಈ ಅಪಾಯದ ಅರಿವೂ ಇತ್ತು. ಮದರಾಸಿನಲ್ಲಿ 1960ರಲ್ಲಿ ಸ್ಥಾಪಿತವಾದ ಟಾಫೆ ಸಂಸ್ಥೆಯ ಮೂಲಕ ಆತನ ಹೆಸರು ನಮ್ಮ ಹೊಲಗಳಿಗೂ ಬಂದಿತು. ಆದರೆ ಪಶ್ಚಿಮ ಬೆಂಗಳೂರಿನಲ್ಲಿ ಟ್ರ್ಯಾಕ್ಟರು ಹೊಲವನ್ನು ಉತ್ತದ್ದಕ್ಕಿಂತ ಹೊಲವು ನಿವೇಶನವಾಗುವುದಕ್ಕೆ ಬೇಕಾದ ಇಟ್ಟಿಗೆ, ಮರಳು, ಸೈಜುಗಲ್ಲುಗಳನ್ನು ಎಳೆದದ್ದೇ ಹೆಚ್ಚು. ಕೆಂಗೇರಿಯೂ ಸುತ್ತಣ ಗ್ರಾಮಗಳೂ 2007ರಲ್ಲಿ ಮಹಾನಗರಪಾಲಿಕೆಗೆ ಸೇರಿದ ಮೇಲೆ ಮನೆಗಳು ಬಂದಷ್ಟು ಬೇಗ ಕಾವೇರಿಯ ಕೊಳವೆ ಬಾರದಿದ್ದುದರಿಂದ, ಆ ಅವಧಿಯ ಬಹುಭಾಗ ಈ ಕಡೆಯ ಬಾಯಾರಿಕೆಯನ್ನು ನೀಗಿದ್ದು ಬೋರ್‌ವೆಲ್ಲು ಮತ್ತು ಟ್ರ್ಯಾಕ್ಟರಿನ ಹಿಂದಿನ ನೀರಿನ ಟ್ಯಾಂಕರು.

ಈ ಟ್ಯಾಂಕರನ್ನು ಹತ್ತಿರ ನಿಂತು ನೋಡತಕ್ಕದ್ದು. ನಾಲ್ಕು ಸಾವಿರ ಲೀಟರು ನೀರೆಂದರೆ ನಾಲ್ಕು ಟನ್ನು; ಎಳೆಯುವ ಟ್ರ್ಯಾಕ್ಟರು ಸುಮಾರು ಎರಡು ಟನ್ನು. ಬ್ರೇಕು ಬಹುಮಟ್ಟಿಗೆ ಟ್ರ್ಯಾಕ್ಟರಿಗೆ ಮಾತ್ರ. ವೃಷಭಾವತಿಯ ಕಣಿವೆಗೆ ಇಳಿಯುವ ಇಳಿಜಾರುಗಳಲ್ಲಿ ಚಾಲಕನು ಬ್ರೇಕನ್ನು ಒತ್ತಿದಾಗ ತನಗಿಂತ ಎರಡು ಪಾಲು ತೂಕದ ಹೊರೆಯು ಹಿಂದಿನಿಂದ ತಳ್ಳುವುದರಿಂದ, ಕೊಂಚ ತಿರುವಿದ್ದರೂ ಸಾಕು, ಟ್ರ್ಯಾಕ್ಟರಿನ ಹಿಂಭಾಗವು ಪಕ್ಕಕ್ಕೆ ನೂಕಲ್ಪಟ್ಟು ಎರಡೂ ಮಡಚಿಕೊಳ್ಳುವುವು. ಆದಕಾರಣವೇ ಬಲ್ಲವರು ಇಳಿಜಾರಿಗೆ ಮುಂಚೆಯೇ ಗೇರು ಇಳಿಸುತ್ತಾರೆ. ಅರ್ಧ ತುಂಬಿದ ಟ್ಯಾಂಕರು ಪೂರ್ಣ ತುಂಬಿದ್ದಕ್ಕಿಂತಲೂ ಚಂಚಲ: ನಿಲ್ಲಿಸಿದೊಡನೆ ನೀರೆಲ್ಲ ಮುಂದಕ್ಕೆ ನುಗ್ಗಿ ಮುಂಭಾರವಾಗುವುದು, ಹೊರಡಿಸಿದೊಡನೆ ಹಿಂದಕ್ಕೆ ಸರಿದು ಹಿಂಭಾರವಾಗುವುದು. ಒಳಗೆ ಅಡ್ಡತಗಡುಗಳನ್ನು ಬೆಸೆದ ಟ್ಯಾಂಕರಿನಲ್ಲಿ ಈ ಹೊಯ್ದಾಟ ಕಡಮೆ. ಅಗ್ಗಕ್ಕೆ ಮಾಡಿಸಿದ್ದರಲ್ಲಿ ಆ ತಗಡುಗಳೇ ಇರುವುದಿಲ್ಲ. ಇನ್ನು ಪಿನ್ನು. ತಯಾರಕರು ಕೊಟ್ಟ ಉಕ್ಕಿನ ಪಿನ್ನು ಕಳೆದುಹೋದಾಗ ಕಟ್ಟಡದ ಕೆಲಸದಲ್ಲಿ ಮಿಕ್ಕ ಸರಳಿನ ತುಂಡನ್ನು ಅಲ್ಲಿ ತೂರಿಸಿ, ಕೆಳಗಿನ ಲಾಕಿನ ಬದಲಿಗೆ ತಂತಿಯನ್ನು ಸುತ್ತಿ ಹೊರಡುವುದು ನಮ್ಮಲ್ಲಿ ವಾಡಿಕೆ. ತೂತಿಗಿಂತ ಸಪೂರವಾದ ಆ ಸರಳು ಒಂದೊಂದು ಹಳ್ಳದಲ್ಲಿಯೂ ಏಟು ತಿಂದು ಬಾಗುತ್ತ ಬಂದು, ಕಡೆಗೆ ಉಬ್ಬಿನ ಮೇಲೆ ಜಿಗಿದು ಹೊರಬೀಳುತ್ತದೆ.

ದೀಪಗಳ ವಿಷಯದಲ್ಲಿಯೂ ಹೊಂದಾಣಿಕೆಯದೇ ಪ್ರಶ್ನೆ. ಹಳೆಯ ಗಾಡಿಗೆ ಅಚ್ಚಿನಡಿಯಲ್ಲಿ ತೂಗುವ ಲಾಂದ್ರ ಸಾಕಾಗಿತ್ತು. ಟ್ರೇಲರಾದರೋ ಮುಂದಿನ ಚಾಲಕನ ಉದ್ದೇಶವನ್ನು ಹಿಂದಿನವರಿಗೆ ತಿಳಿಸತಕ್ಕದ್ದು. ಅದಕ್ಕಾಗಿ ಏರ್ಪಟ್ಟ ಏಳು ಪಿನ್ನುಗಳ ಸಾಕೆಟ್ಟಿನಲ್ಲಿ ಎಡಬಲದ ಇಂಡಿಕೇಟರುಗಳಿಗೆ ಎರಡು, ಹಿಂದಿನ ಕೆಂಪು ದೀಪಗಳಿಗೆ ಎರಡು, ಬ್ರೇಕಿನ ದೀಪಕ್ಕೆ ಒಂದು, ಮಂಜಿನ ದೀಪಕ್ಕೆ ಒಂದು ತಂತಿಯಿದ್ದು, ಏಳನೆಯದು ಅರ್ತ್. ಉಳಿದ ಆರಕ್ಕಿಂತ ಮುಖ್ಯವಾದ ಈ ಏಳನೆಯ ತಂತಿಯನ್ನೇ ಬಿಟ್ಟು, ಕಬ್ಬಿಣದ ಕೊಂಡಿಯ ಮೂಲಕವೇ ವಿದ್ಯುತ್ತು ಹಿಂತಿರುಗಲಿ ಎಂದುಕೊಳ್ಳುವ ಮೆಕ್ಯಾನಿಕರು ಕಡಮೆಯಿಲ್ಲ. ಕೊಂಡಿಯಲ್ಲಿ ಗ್ರೀಸೂ ತುಕ್ಕೂ ಸೇರಿದಂತೆ ಆ ದಾರಿ ಕಟ್ಟಿಕೊಂಡು, ವಿದ್ಯುತ್ತು ಬೇರೆ ದೀಪಗಳ ಒಳಗಿಂದ ಹಾದಿ ಹುಡುಕುವುದು. ಆಗ ಬ್ರೇಕು ಒತ್ತಿದರೆ ಇಂಡಿಕೇಟರು ಮಿನುಗುವುದು, ಎಡಕ್ಕೆ ಹಾಕಿದರೆ ಎಲ್ಲ ದೀಪಗಳೂ ಮಂಕಾಗಿ ಉರಿಯುವುವು. ಟ್ರ್ಯಾಕ್ಟರಿನ ಬ್ಯಾಟರಿ 12 ವೋಲ್ಟಿನದು, ದೊಡ್ಡ ಲಾರಿಯದು 24. ಲಾರಿಯ ಬಲ್ಬನ್ನು ಟ್ರೇಲರಿಗೆ ಹಾಕಿದರೆ ರಾತ್ರಿಯಲ್ಲಿ ಹಿಂದಿನವನಿಗೆ ಕೆಂಡದಷ್ಟೂ ಕಾಣದು. ಟ್ರೇಲರಿಗೆ ಪ್ರತ್ಯೇಕ ನೋಂದಣಿಯಿರಬೇಕೆಂದೂ ಎಳೆಯುವ ವಾಹನದ ಸಂಖ್ಯೆಯು ಅದರ ಹಿಂಭಾಗದಲ್ಲಿಯೂ ಕಾಣಬೇಕೆಂದೂ 1988ರ ಮೋಟಾರು ವಾಹನ ಕಾಯಿದೆ ವಿಧಿಸಿದೆ. ಆ ಸಂಖ್ಯೆಯನ್ನು ಓದುವುದಕ್ಕಾದರೂ ದೀಪ ಬೇಕಷ್ಟೆ.

ಇದೇ ಸೀಮೆಯನ್ನು ಹಾದುಹೋಗುವ ನೈಸ್ ರಸ್ತೆಯಲ್ಲಿ ಓಡುವ ದೊಡ್ಡ ಲಾರಿಗಳದು ಬೇರೆಯ ಪಂಕ್ತಿ. ಅಮೆರಿಕದ ಡೆಟ್ರಾಯಿಟಿನಲ್ಲಿ ಕಮ್ಮಾರನಾಗಿದ್ದ ಆಗಸ್ಟ್ ಫ್ರೂಹಾಫನು ಗಿರಾಕಿಯೊಬ್ಬನ ದೋಣಿಯನ್ನು ಸಾಗಿಸುವುದಕ್ಕಾಗಿ 1914ರಲ್ಲಿ ಕಟ್ಟಿದ ಬಂಡಿಯಿಂದ ಬೆಳೆದ ಈ ಪದ್ಧತಿಯಲ್ಲಿ ಟ್ರೇಲರಿನ ಮುಂಭಾರವೆಲ್ಲ ಎಳೆಯುವ ಲಾರಿಯ ಬೆನ್ನಿನ ಮೇಲೆಯೇ ಕೂರುತ್ತದೆ. ಅದರ ಕೂಡಿಕೆಯ ಮೊಳೆಯಾದ ಕಿಂಗ್‌ಪಿನ್ನು 50 ಮಿಲಿಮೀಟರಿನದು, ಅತಿಭಾರದ ಸಾಗಣೆಗೆ 90ರದು. ಒಂದಕ್ಕೆ ಮಾಡಿದ ದವಡೆಯು ಇನ್ನೊಂದನ್ನು ಹಿಡಿಯದು. ಲಾರಿಗೂ ಟ್ರೇಲರಿಗೂ ನಡುವೆ ಕೆಂಪು, ಹಳದಿ ಎಂಬ ಎರಡು ಗಾಳಿಯ ಕೊಳವೆಗಳಿದ್ದು, ಲಾರಿಯಿಂದ ಟ್ರೇಲರು ಕಳಚಿಕೊಂಡರೆ ಕೆಂಪು ಕೊಳವೆ ಹರಿದೊಡನೆಯೇ ಟ್ರೇಲರಿನ ಬ್ರೇಕುಗಳು ತಾವಾಗಿಯೇ ಬಿಗಿಯುತ್ತವೆ. ರೈಲಿನವರು ಎಣಿಸಿದ್ದ ಉಪಾಯವೇ ಇಲ್ಲಿಯೂ ಕೆಲಸ ಮಾಡುವುದು. ಉಲ್ಲಾಳದ ನೀರಿನ ಟ್ಯಾಂಕರಿಗೆ ಈ ಸೌಕರ್ಯವಿಲ್ಲ. ಅದರ ಪಿನ್ನು ಬಿದ್ದುಹೋದರೆ ಅದನ್ನು ಹಿಡಿದು ನಿಲ್ಲಿಸತಕ್ಕದ್ದು ಮೂಕಿಯಿಂದ ಟ್ರ್ಯಾಕ್ಟರಿಗೆ ಬಿಗಿದ ಒಂದು ಸರಪಳಿ ಮಾತ್ರ, ಅದೂ ಕಟ್ಟಿದ್ದರೆ.