ಮೈಸೂರಿಂದ ಶಂಕರಘಟ್ಟಕ್ಕೆ: ಒಂದು ವಿಭಾಗ ಬೆಳೆಯೋದು ಹೇಗೆ?

ಈ ವಾರದ ವಿಷಯ ಸ್ವಲ್ಪ ಒಣ ಅನ್ನಿಸಬಹುದು. ವಿಶ್ವವಿದ್ಯಾಲಯದ ಒಂದು ವಿಭಾಗ ಚೆನ್ನಾಗಿದೆಯೋ ಇಲ್ಲವೋ ಅಂತ ಅಳೆಯೋದು ಹೇಗೆ? ಈಗಾದರೆ ನ್ಯಾಕ್ ತಂಡ ಬರುತ್ತೆ, ಕಡತ ನೋಡುತ್ತೆ, ಗ್ರೇಡ್ ಕೊಡುತ್ತೆ. ಆದರೆ ನ್ಯಾಕ್ ಹುಟ್ಟಿದ್ದೇ 1994ರಲ್ಲಿ. ಅದಕ್ಕೂ ಮೊದಲು ವಿಭಾಗಗಳು ಬೆಳೆದ ಬಗೆ ತಿಳಿಯಲು ನಮ್ಮ ಮಲೆನಾಡಿನವರ ಕಥೆಯೇ ಸಾಕು.

ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಕನ್ನಡ ಎಂಎ ಬಂದದ್ದು 1927ರಲ್ಲಿ. ಕನ್ನಡ ನಾಡಿನಲ್ಲೇ ಕನ್ನಡ ಹನ್ನೊಂದು ವರ್ಷ ಕಾಯಬೇಕಾಯ್ತು ನೋಡಿ! ಟಿ.ಎಸ್. ವೆಂಕಣ್ಣಯ್ಯನವರ ಕೈಯಲ್ಲಿ ಪಳಗಿದ ಆರಂಭದ ವಿದ್ಯಾರ್ಥಿಗಳಲ್ಲಿ ತೀರ್ಥಹಳ್ಳಿ ತಾಲ್ಲೂಕು ಕುಪ್ಪಳಿಯ ಪುಟ್ಟಪ್ಪನವರೂ ಇದ್ದರು. 1929ರಲ್ಲಿ ಎಂಎ ಮುಗಿಸಿ, ಅದೇ ವರ್ಷ ಮಹಾರಾಜಾ ಕಾಲೇಜಿನಲ್ಲಿ ಪಾಠಕ್ಕೆ ನಿಂತರು. 1956ರ ಹೊತ್ತಿಗೆ ಕುಲಪತಿ.

ನನಗೆ ಮುಖ್ಯ ಅನ್ನಿಸೋದು ಕುವೆಂಪು ಏರಿದ ಹುದ್ದೆಗಳಲ್ಲ. ಶಿಕಾರಿಪುರದಲ್ಲಿ ಹುಟ್ಟಿದ ಜಿ.ಎಸ್. ಶಿವರುದ್ರಪ್ಪ ಅವರ ಶಿಷ್ಯರು. ಅವರದೇ ಮಾರ್ಗದರ್ಶನದಲ್ಲಿ ‘ಸೌಂದರ್ಯ ಸಮೀಕ್ಷೆ’ ಬರೆದು ಡಾಕ್ಟರೇಟ್ ಪಡೆದರು. ಮುಂದೆ ಉಸ್ಮಾನಿಯಾಕ್ಕೆ, ಅಲ್ಲಿಂದ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿನ ಕನ್ನಡ ಅಧ್ಯಯನ ಕೇಂದ್ರವನ್ನ ಕಟ್ಟಿ ನಿಲ್ಲಿಸಿದರು. ಗುರು ಶಿಷ್ಯನನ್ನ ತಯಾರು ಮಾಡಿದ, ಶಿಷ್ಯ ಇನ್ನೊಂದು ವಿಭಾಗವನ್ನೇ ಕಟ್ಟಿದ. ಇದನ್ನ ಯಾವ ಫಾರಂನಲ್ಲಿ ತುಂಬಿಸ್ತೀರಿ?

ಇನ್ನೊಂದು ಉದಾಹರಣೆ ಮೇಳಿಗೆಯ ಅನಂತಮೂರ್ತಿಯವರದು. ಮೈಸೂರಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋಗಿ, 1966ರಲ್ಲಿ ಪಿಎಚ್‌ಡಿ ಪಡೆದರು. ಆದರೆ ಆ ಓದಿನ ನಡುವೆಯೇ ‘ಸಂಸ್ಕಾರ’ವನ್ನೂ ಬರೆದರು. ಅಧ್ಯಾಪಕರಿಗೆ ಓದಲು ಬಿಡುವು ಕೊಟ್ಟರೆ ಏನು ಹುಟ್ಟುತ್ತೆ ಅಂತ ಮೊದಲೇ ಹೇಳೋಕಾಗಲ್ಲ.

1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಯ್ತು. ಶಂಕರಘಟ್ಟದಲ್ಲಿ ಅಲ್ಲಿಯವರೆಗೆ ಇದ್ದದ್ದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಸಾಗರದ, ಹೊಸನಗರದ ಮನೆಗಳಲ್ಲಿ ಮಗಳನ್ನ ಮೈಸೂರಿಗೆ ಕಳಿಸೋದಕ್ಕೆ ಹಿಂದೆಮುಂದೆ ನೋಡ್ತಿದ್ದವರು ಶಂಕರಘಟ್ಟ ಅಂದರೆ ‘ಇಲ್ಲೇ ಅಲ್ವಾ, ಹೋಗಲಿ’ ಅನ್ನೋ ಹಾಗಾಯ್ತು. ಇದು ಸಣ್ಣ ವಿಷಯ ಅಲ್ಲ.

ಈಗಿನ ಆತಂಕ ಬೇರೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಅಧ್ಯಾಪಕರು ನಿವೃತ್ತರಾಗ್ತಾ ಇದ್ದಾರೆ, ಪಾಠ ಅತಿಥಿ ಉಪನ್ಯಾಸಕರ ಹೆಗಲಿಗೆ ಬಿದ್ದಿದೆ. ಅವರಲ್ಲಿ ಒಳ್ಳೇ ಮೇಷ್ಟ್ರುಗಳಿದ್ದಾರೆ, ಸಂಶಯವೇ ಬೇಡ. ಆದರೆ ಯುಜಿಸಿ ನಿಯಮದ ಪ್ರಕಾರ ಪಿಎಚ್‌ಡಿಗೆ ಗೈಡ್ ಆಗೋಕೆ ಕಾಯಂ ಅಧ್ಯಾಪಕರೇ ಬೇಕು. ಅದರಲ್ಲೂ ಮಿತಿ ಇದೆ: ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಜನ. ಒಂದು ಹುದ್ದೆ ಖಾಲಿ ಅಂದರೆ ಅಷ್ಟು ಸೀಟು ಹೋಯ್ತು ಅಂತಲೇ. ಹೊಸನಗರದಿಂದ ಬಂದು ಎಂಎ ಮುಗಿಸಿದ ಹುಡುಗಿಗೆ ಸಂಶೋಧನೆ ಮಾಡೋ ಆಸೆ ಇದ್ದರೆ, ಅವಳು ಮೊದಲು ಕೇಳೋದು ನ್ಯಾಕ್ ಗ್ರೇಡ್ ಅಲ್ಲ. ‘ಸರ್, ಗೈಡ್ ಯಾರಿದ್ದಾರೆ?’