ವಿಧವೆಯ ಮೊರೆ, ಜನತೆಯ ಮನವಿ

ನ್ಯಾಯಕ್ಕಾಗಿ ಎಡೆಬಿಡದೆ ಮೊರೆಯಿಟ್ಟ ವಿಧವೆಯ ಸಾಮತಿ ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿದೆ. ಬ್ರಿಟನ್ನಿನ ಶ್ರಮಜೀವಿಗಳ ಚರಿತ್ರೆ ಅದನ್ನೇ ನೆನಪಿಸುತ್ತದೆ.

1832ರ ಸುಧಾರಣಾ ಕಾಯ್ದೆ ಮಧ್ಯಮವರ್ಗಕ್ಕೆ ಮತಾಧಿಕಾರವಿತ್ತು, ಕಾರ್ಮಿಕರಲ್ಲಿ ಬಹುತೇಕರನ್ನು ಹೊರಗೇ ಉಳಿಸಿತು. 1838ರಲ್ಲಿ ಅವರ ಪರವಾಗಿ 'ಜನತೆಯ ಸನ್ನದು' ಪ್ರಕಟವಾಯಿತು. ವಯಸ್ಕ ಪುರುಷರೆಲ್ಲರಿಗೂ ಮತ, ರಹಸ್ಯ ಮತದಾನ, ಸಮಾನ ಕ್ಷೇತ್ರಗಳು, ಸಂಸದರಿಗೆ ವೇತನ, ಅಭ್ಯರ್ಥಿಗಳಿಗಿದ್ದ ಆಸ್ತಿಯ ಷರತ್ತಿನ ರದ್ದತಿ, ವಾರ್ಷಿಕ ಚುನಾವಣೆ ಎಂಬ ಆರು ಬೇಡಿಕೆಗಳು ಅದರಲ್ಲಿದ್ದವು. 1839ರಲ್ಲಿ 12 ಲಕ್ಷಕ್ಕೂ, 1842ರಲ್ಲಿ 30 ಲಕ್ಷಕ್ಕೂ ಮಿಕ್ಕ ಸಹಿಗಳ ಮನವಿಗಳನ್ನು ಸಂಸತ್ತು ತಳ್ಳಿಹಾಕಿತು. 1848ರ ಮನವಿಯೂ ನಿಷ್ಫಲವಾಯಿತು. ಹಳೆಯ ವ್ಯವಸ್ಥೆಯಿಂದ ಗೆದ್ದವರೇ ಅದನ್ನು ಬದಲಿಸಬೇಕಾಗಿತ್ತು, ತೊಡಕಿದ್ದುದು ಅಲ್ಲಿಯೇ.

ಆದರೂ 1858ರಲ್ಲಿ ಆಸ್ತಿಯ ಷರತ್ತು ರದ್ದಾಯಿತು. 1872ರಲ್ಲಿ ರಹಸ್ಯ ಮತದಾನ, 1911ರಲ್ಲಿ ವೇತನ, 1918ರಲ್ಲಿ ವಯಸ್ಕ ಪುರುಷರ ಮತಾಧಿಕಾರ ಬಂದವು. ಸಹಿ ಹಾಕಿದ ಬಹುಮಂದಿ ಇದನ್ನು ಕಾಣದೆಯೇ ಕಣ್ಮುಚ್ಚಿದ್ದರು.

ನಮ್ಮಲ್ಲಿಯೂ ಇದೇ ತೊಡಕು. ಅಭ್ಯರ್ಥಿಗಳ ಆಸ್ತಿ, ಅಪರಾಧ ವಿವರಗಳು ಮತದಾರರಿಗೆ ತಿಳಿಯಲೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದಾಗ, ಸಂಸತ್ತು ಕಾಯ್ದೆ ತಿದ್ದಿ ಅದನ್ನು ಮೊಟಕುಗೊಳಿಸಿತು. ಆ ತಿದ್ದುಪಡಿ ಅಸಿಂಧುವೆಂದು 2003ರಲ್ಲಿ ನ್ಯಾಯಾಲಯವೇ ಸಾರಬೇಕಾಯಿತು. ಇನ್ನು ಮುಂದಿನ ಸುಧಾರಣೆಗಳಿಗೆ ಪ್ರತಿನಿಧಿಗಳು ತಾವಾಗಿ ಮುಂದಾಗಲಿ. ಅಲ್ಲಿಯವರೆಗೆ ಆ ವಿಧವೆಯಂತೆ, ಬೇಸರಿಸದೆ ಅವರ ಬಾಗಿಲನ್ನು ತಟ್ಟುವ ಹೊಣೆ ನಮ್ಮದು.